ಆಸ್ರಿ

ಫರ್ವಾನಿಯಾದ ಟೈಪಿಂಗ್ ಸೆಂಟರಿನಲ್ಲಿ ಹಗಲೆಲ್ಲ
ಹೆಸರುಗಳೇ ನನ್ನ ಕಸುಬು.
ಅರಬ್ಬಿಯಲ್ಲಿ 'ಪ' ಇಲ್ಲ, ಹಾಗಾಗಿ
ಪದ್ದು ಗಾಣಿಗ ಬದ್ದು ಆಗುತ್ತಾನೆ,
ಠಸ್ಸೆ ಬೀಳುತ್ತದೆ,
ಅರ್ಧ ದಿನಾರಿಗೆ ಇನ್ನೊಂದು ಜನ್ಮ.

ರಾತ್ರಿ ಬೇರೆ ಕೆಲಸ, ಸಂಬಳವಿಲ್ಲದ್ದು.
ಮೇಲಿನ ಬಂಕಿನಲ್ಲಿ ಶಬ್ಬೀರನ ಗೊರಕೆ,
ತೊಡೆ ಸುಡುವ ಹಳೇ ಲ್ಯಾಪ್‌ಟಾಪು.
ಅದರ ಒಂದು ಕಿವಿಗೆ ಹೆಸರಿಲ್ಲದವರು
ಬೀಗ ಹಾಕಿದ ಮಾತು ಪಿಸುಗುಟ್ಟುತ್ತಾರೆ;
ಅದೇ ಮಾತು ಇನ್ನೊಂದು ಬದಿಯಿಂದ
ಸಾದಾ ಈಮೇಲಾಗಿ, ಇಸ್ತ್ರಿ ಹಾಕಿಸಿಕೊಂಡು
ಕಾರ್ಮಿಕರ ಕಚೇರಿಗೆ ಹೊರಡುತ್ತದೆ: ಮಾನ್ಯರೇ.

ಈಮೇಲಿಗೆ ಎಲ್ಲವೂ ಬೇಕು.
ಯಾರಿಂದ, ಯಾರಿಗೆ, ವಿಷಯ ಏನು.
ಯಾರಿಂದ ಎಂಬಲ್ಲಿ ನನ್ನ ವಿಳಾಸ.
ಆಚೆ ಇರುವುದು ನಲವತ್ತಮೂರು ಅಕ್ಷರಗಳ ಸರಪಳಿ,
ಗಂಡೋ ಹೆಣ್ಣೋ, ಕೇಳುವುದಿಲ್ಲ.
ಬೀಗ ಬಿಚ್ಚಿದ ಮೇಲೆ, ದಾಟಿಸುವ ಮೊದಲು,
ಒಂದು ಗಳಿಗೆ
ಮಾತು ನನ್ನ ಅಂಗೈಯಲ್ಲಿ ಬತ್ತಲೆ.
ಕಣ್ಣು ಮುಚ್ಚಿಕೋ ಅಂತ ನನಗೆ ನಾನೇ ಮಾಡಿದ ಕಾನೂನು.
ಇಂಗ್ಲಿಷಿಗೆ ತಿರುಗಿಸುವವನು
ಕಣ್ಣು ಮುಚ್ಚುವುದು ಹೇಗೆ?

ನಿನ್ನೆ ಬಂದದ್ದು ಕನ್ನಡ.
ಪಾಸ್‌ಪೋರ್ಟ್ ಅವ್ರ ಹತ್ರ. ಸಂಬ್ಳ ಇಲ್ದೆ ಏಳ್ ತಿಂಗ್ಳಾಯ್ತ್.
ಮಧ್ಯಾಹ್ನ ಆಸ್ರಿಗೂ ಬಿಡುದಿಲ್ಲೆ.

ಆಸ್ರಿ!
ತ್ರಾಸಿಯಲ್ಲಿ ಬಸ್ಸು ನಿಂತದ್ದೇ
ಕಿಟಕಿಗೆ ಬಾಯಿಟ್ಟು ಹೋಟೆಲ್ ಮಾಣಿ
ಕೇಳುತ್ತಿದ್ದ ಮಾತು: ಎಂತ ಆಸ್ರಿ ಬೇಕು?
ಬೀಗ ಗಟ್ಟಿಯೇ ಇತ್ತು.
ಕೀಲಿಕೈ ನಾಲಗೆಯಡಿ ಉಳಿದುಬಿಟ್ಟಿತ್ತು.
ಹ್ವಾಯ್, ನಿಮ್ದ್ ಯಾವೂರ್, ಅಂತ
ಬೆರಳು ಬರೆದೂ ಆಯಿತು.
ಅಳಿಸಿದೆ.

ಕಚೇರಿಯವರಿಗೆ ಮೂಲ ಮಾತೂ ಬೇಕಂತೆ, ಲಗತ್ತಾಗಿ.
ಅದರ ಪ್ರತಿ ಕಂಪನಿಯ ಮೇಜಿಗೆ ಬೀಳದೆ ಇರದು,
ಅಲ್ಲಿಯ ಮೇಸ್ತ್ರಿ ನಮ್ಮ ಕಡೆಯವನೇ ಆಗಿದ್ದರೆ?
ಬಿಡುದಿಲ್ಲೆ ಇದ್ದದ್ದು ಬಿಡುವುದಿಲ್ಲ ಆಯಿತು.
ಆಸ್ರಿಯನ್ನು ಹೊಡೆದು ಬರೆದೆ:
ನೀರು ಕುಡಿಯಲೂ ವಿರಾಮವಿಲ್ಲ.
ಯಾವ ಊರಿನದೂ ಅಲ್ಲದ ವಾಕ್ಯ.
ಪದ್ದುವನ್ನು ಬದ್ದು ಮಾಡುವಾಗ
ಕೈ ಇಷ್ಟು ನಡುಗಿರಲಿಲ್ಲ.

ಬೆಳಗಿನ ಜಾವ ಉತ್ತರ ಬಂತು:
ದೂರುದಾರರ ಹೆಸರು, ಸಿವಿಲ್ ಐಡಿ ಕಳಿಸಿ.
ಅದಕ್ಕೆ ಬೀಗ ಹಾಕಿ ಸರಪಳಿಯ ಕಡೆ ತಳ್ಳಿದೆ.
ಇನ್ನೂ ಯಾರೂ ತೆರೆದಿಲ್ಲ.

ಶಬ್ಬೀರ ಎದ್ದು ಕೂತು ಗಂಟಲು ಕೆರೆದ.
ಆಸ್ರಿ ಬೇಕನಾ, ಕೇಳಿದೆ.
ಮಂಡ್ಯದವನು. ಏನದು, ಅಂದ.
ಏನಿಲ್ಲ, ನೀರು,
ಅಂದೆ.