ಮೈಂದರಗಿ ಮಾಮಾ ಹೇಳಿದ್ದು

ಕುಂದ್ರು ತಮ್ಮಾ. ಆ ಆಂಪ್ಲಿಫೈಯರ್ ಮ್ಯಾಲೆ ಬ್ಯಾಡ,
ಅದಕ್ಕೂ ನನ್ನಂಗ ಒಂದು ಕಾಲು ಸಡಲ್ಯಾದ.

ಸೋಲಾಪುರದ ಗಿರಣಿ ಭೋಂಗಾಕ್ಕಿಂತ
ನಮ್ಮ ಬ್ಯಾಂಡು ಜೋರಂತ ಬೀಗತಿದ್ದೆ.
ಗಿರಣಿ ಮುಚ್ಚಿತು. ಭೋಂಗಾ ಇನ್ನೂ ಕೂಗತದ
ಎಡಗಿವ್ಯಾಗ, ಹಗಲೂ ರಾತ್ರಿ.
ಅದಕ್ಕ ಹೇಳತೀನಿ, ಕಿವ್ಯಾಗ ಹತ್ತಿ ಇಡು.
ಹತ್ತಿಗೇನು ಬರ, ಈ ಊರಾಗ?

ಗಿಟಾರು ಮೊಣಕಾಲತನಕ ಇಳಿಬಿಡಬ್ಯಾಡ.
ನಾ ಬಿಟ್ಟೆ, ಚಂದ ಕಂಡೆ.
ಈಗ ಸೊಂಟಕ್ಕ ಡಾಕ್ಟರ ಪಟ್ಟಾ ಬಿಗಿವಾಗ
ನಮ್ಮಾಕಿ ಅಂತಾಳ, ಈ ಬೆಲ್ಟೂ ಒಪ್ಪತದ ಬಿಡ್ರಿ.

ತಲಿ ಕುಣಸೂದು ಕೂದಲ ಇರೂತನಕ ಅಷ್ಟ.
ಬೋಡತಲಿ ಕುಣದರ
ದೇವರು ಬಂತಂತ ಮಂದಿ ಕಾಯಿ ಒಡೀತಾರ.
ಅಕ್ಕಲಕೋಟದಾಗ ಒಡದ್ರು ಖರೇನ.
ಒಂದು ಹೋಳು ನಾನೂ ತಿಂದೆ.

ಒಂದು ಕಾಲಕ್ಕ ಹೆಸರಿಲ್ಲದ ಗುಳಗಿ ನುಂಗಿದಾಂವ,
ಈಗ ತಾರೀಖು ಓದಾಕ ಭೂತಗನ್ನಡಿ ಹಿಡೀತೀನಿ.

ಕಡಕ್ ಭಕ್ಕರಿಗೆ ಮೂರು ಹಲ್ಲು ಕೊಟ್ಟೀನಿ, ಜಗಳಕ್ಕ ಒಂದೂ ಇಲ್ಲ.
ಜಗಳದಾಗ ಹೋದಾಂವ ಡ್ರಮ್ಮರ್ ಇರಣ್ಣ.
ಪೋಸ್ಟರಿನಾಗ ಯಾರ ಹೆಸರು ದೊಡ್ಡದು ಅಂತ
ಮೂವತ್ತು ವರ್ಷ ಮಾತಿಲ್ಲ.
ಹ್ವಾದ ತಿಂಗಳ ಬಿಪಿ ತೋರಸೂ ಸಾಲಿನ್ಯಾಗ
ಬಾಜೂಕ ಬಂದು ಕುಂತ.
ಮಾರಿ ನೋಡಲಿಲ್ಲ. ಬೆಂಚಿನ ಮ್ಯಾಲೆ ಬೆರಳು ಬಡದ.
ನನ್ನ ಕಾಲು ನನ್ನ ಕೇಳದ ಕುಣೀತು.
ನರ್ಸಬಾಯಿ ಇಬ್ಬರಿಗೂ ಬೈದ್ಲು, ಪಟ್ಟಿ ಸುತ್ತಿದ್ಲು:
ನೂರಾ ಇಪ್ಪತ್ತು! ಮಷೀನ್ ಕೆಟ್ಟದ ಅಂದ್ಲು.

ಕೊನೇ ಮಾತು. ಸೌಂಡ್ ಕಡಿಮಿ ಮಾಡು.
ಅಲ್ಲ, ತಡಿ.
ಹತ್ತಿ ಎಲ್ಲಿಟ್ಟಿ? ಹಾಂ.
ಈಗ ಏರಿಸು.