ಅಂಗೈ ಲೆಕ್ಕ

ಹಯಾತ್ ಸಾಬರು ಗಡಿಯಾರ ಕಟ್ಟಿದವರಲ್ಲ.
ಕೆಂಡದ ಮೇಲೆ ಗೇಣೆತ್ತರಕ್ಕೆ ಅಂಗೈ ಚಾಚಿ
ಎಣಿಸುತ್ತಿದ್ದರು. ಮಂಡಿಯಲ್ಲಿ ಮೆಕ್ಕೆಜೋಳ ಅಳೆದ ಹಳೇ ರೂಢಿ,
ಒಂದು ಅನ್ನುತ್ತಿರಲಿಲ್ಲ:
ಲಾಭ. ಎರಡು. ಮೂರು.

ಮೂರಕ್ಕೆ ಕೈ ತಾನೇ ಹಿಂದೆ ಬಂದರೆ
ಅದು ಖೀಮಾದ ಬೆಂಕಿ, ಕಲೇಜಿಯ ಬೆಂಕಿ.
ನಾಲ್ಕಕ್ಕೆ ಮೀನು.
ಐದಾರು ತಡೆದರೆ ಕೋಳಿ ತೊಡೆ.
ಏಳೆಂಟಾಯಿತೋ, ಈರುಳ್ಳಿ ಮಲಗಿಸು ಅಂಚಿಗೆ.
ಹತ್ತಾದರೆ?
"ಹತ್ತಾದ್ರೆ ಅದು ಬೂದಿ ಪಾಲಯ್ಯ, ಹಲ್ಲುಜ್ಜು."

ನಾನು ಜಗಳೂರು ಕಡೆಯವ,
ಇದ್ದಿಲ ಚೀಲಗಳ ಮೇಲೆ ಕೂತು ಲಾರಿಯಲ್ಲಿ ಬಂದವ.
ಬಳ್ಳಾರಿ ಜಾಲಿ. ಮುಳ್ಳು ಹೋಗಿ, ನೀರು ಹೋಗಿ, ಹೊಗೆ ಹೋಗಿ
ತಟ್ಟಿದರೆ ಟಣ್ ಅನ್ನಬೇಕು.
ಉರಿ ಕುಣಿಯುವಾಗ ಏನೂ ಇಡಬಾರದು.
ಬಿಳಿ ಬೂದಿ ಹೊದ್ದು, ಒಳಗೆ ಕೆಂಪಗೆ
ಉಸಿರಾಡುವಾಗ ಸರಳು.

ಕೋಳಿಗೆ ಎಷ್ಟು ಹೊತ್ತು ಅಂದರೆ
ಎದುರಿನ ರೈಲ್ವೆ ಗೇಟು ಮೂರು ಸಲ ಬಿದ್ದು ಏಳುವಷ್ಟು.
ಗೂಡ್ಸ್ ಬಂದರೆ ಎರಡೇ ಸಾಕು.
ಮೂಳೆಯ ಪಕ್ಕ ಚುಚ್ಚು, ಒಸರಿದ್ದು ಕೆಂಪಿದ್ದರೆ
ಇನ್ನೊಂದು ರೈಲು ಕಾಯಿ.
ಕಲೇಜಿಗೆ ರೈಲು ಬೇಡ, ಮಗ್ಗುಲಿಗೆ ಎರಡು ನಿಮಿಷ.
ನಾಲ್ಕಾದರೆ ಚಪ್ಪಲಿ.

ಸೂಳೆಕೆರೆಯ ಕಾಟ್ಲಾದ್ದು ಬೇರೆ ಸಮಾಚಾರ.
ಸರಳಿಗೆ ಎಣ್ಣೆ, ಮೀನಿಗೆ ಎಣ್ಣೆ,
ಇಟ್ಟು ಕೈ ಕಟ್ಟಿ ನಿಲ್ಲು.
ಅವಸರಕ್ಕೆ ಎಬ್ಬಿಸಿದರೆ ತೊಗಲು ಕಬ್ಬಿಣದ ಪಾಲು;
ಬೆಂದಾಗ ತಾನೇ ಬಿಡುತ್ತದೆ.
ಮಗುಚುವುದು ಒಂದೇ ಸಲ. ಎರಡನೇ ಸಲ ಮಗುಚಿದವನ
ಮುಖವನ್ನು ಅವರು ಆ ರಾತ್ರಿ ನೋಡುತ್ತಿರಲಿಲ್ಲ.

ಸಂಜೆ ಐದಕ್ಕೆ, ಮಾಂಸ ಏರುವ ಮುಂಚೆ
ಕರಿಬಸಮ್ಮ ಟೀಚರ್, ಸೆರಗಿನಲ್ಲಿ ನಾಲ್ಕು ಬದನೆ.
ಅವರಿಗೆ ಹೊಸ ಇದ್ದಿಲು, ಬೇರೆ ಒಲೆ,
ಹಿಡಿಗೆ ಹಸಿರು ದಾರ ಸುತ್ತಿದ ಬೇರೆ ಇಕ್ಕಳ.
"ಗ್ಯಾಸಿನ ಮೇಲೆ ಸುಟ್ಟರೆ ಗ್ಯಾಸೇ ತಿಂದಂಗೆ ಕಣ್ರೀ."
ಬದನೆಗೆ ಸರಳೂ ಬೇಡ, ಕೆಂಡಕ್ಕೇ ಒಗೆ.
ತೊಟ್ಟಿನ ಹತ್ತಿರ ಒತ್ತಿದ ಬೆರಳು ಮುಳುಗುವ ತನಕ
ನನ್ನ ಬಾಯಲ್ಲಿ ಹದಿನೇಳರ ಮಗ್ಗಿ ಹೇಳಿಸುವರು.
ಮಗ್ಗಿ ಮುಗಿದದ್ದಿಲ್ಲ,
ಬದನೆ ಬೇಯದೆ ಉಳಿದದ್ದೂ ಇಲ್ಲ.

ಹೋದ ಕಾರ್ತಿಕದಲ್ಲಿ ಒಂದು ದಿನ
ಸಾಬರು ಕೈ ಚಾಚಿ ಲಾಭ ಅಂದರು.
ಆರು. ಏಳು. ಒಂಬತ್ತು.
"ಬೆಂಕಿ ಸತ್ತೈತೆ, ಇದ್ದಿಲು ಸುರಿ."
ಕೆಂಡ ಕಣ್ಣಿಗೆ ಹೊಡೆಯುವಷ್ಟು ಕೆಂಪಿತ್ತು.
ಸುರಿದೆ. ಎದುರು ಮಾತಾಡಿ ಗೊತ್ತಿಲ್ಲ.
ಆ ರಾತ್ರಿ ಮೀನು ಎರಡೂ ಕಡೆ ಕಪ್ಪು,
ಗಿರಾಕಿ ತಟ್ಟೆ ತಳ್ಳಿ ಎದ್ದ.
ಮಾರನೆಯ ದಿನ ಹನ್ನೊಂದರ ತನಕ ಎಣಿಸಿದರು.
ವಾಸನೆ ಬಂತು.
ಕುರಿಯದ್ದಲ್ಲ, ಕೋಳಿಯದ್ದಲ್ಲ.

ಸಕ್ಕರೆ, ಅಂದರು ಡಾಕ್ಟರು.
ಬೆರಳಿನ ನರಕ್ಕೆ ಸುದ್ದಿ ಮುಟ್ಟುತ್ತಿಲ್ಲ.
ಆಸ್ಪತ್ರೆಯ ಬೆಂಚಿನ ಮೇಲೆ
ಬಟ್ಟೆ ಸುತ್ತಿದ ಕೈಯನ್ನು ಬೇರೆ ಯಾರದೋ ಸಾಮಾನಿನಂತೆ
ತೊಡೆಯ ಮೇಲೆ ಇಟ್ಟುಕೊಂಡು
ಅವರು ಮೊದಲ ಸಲ ಕೇಳಿದರು:
"ಟೈಮ್ ಎಷ್ಟಾತೋ?"

ಈಗ ಅವರು ಸ್ಟೂಲಿನ ಮೇಲೆ. ಕೈ ನನ್ನದು.
ಎಣಿಸುವುದು ಅವರೇ, ಗಟ್ಟಿಯಾಗಿ,
ಗೇಟಿನಲ್ಲಿ ನಿಂತ ಸ್ಕೂಟರಿನವರೂ ತಿರುಗಿ ನೋಡುವಂತೆ.
ಕೆಂಡದ ಕಡೆ ನೋಡುವುದಿಲ್ಲ,
ನನ್ನ ಹುಬ್ಬು ನೋಡುತ್ತಾರೆ.
ಹುಬ್ಬು ಅಲುಗಿದರೆ, "ತೆಗಿ, ಮೀನು ಹಾಕು."
ಇನ್ನೂ ತಪ್ಪಿಲ್ಲ.

ಮೊನ್ನೆ ಅಳಿಯ ಒಂದು ಮೀಟರು ತಂದುಕೊಟ್ಟ.
ಮುಳ್ಳು ಓಡಿ ಇನ್ನೂರರ ಮೇಲೆ ನಿಂತಿತು.
"ಇನ್ನೂರಾ?" ಸಾಬರು ನಕ್ಕರು,
"ನನ್ ಸಕ್ಕರೆನೂ ಅಷ್ಟೇ ಐತೆ."
ಪೇಪರಿನಲ್ಲಿ ಸುತ್ತಿ ಗಲ್ಲಾದ ಕೆಳಗೆ ಇಟ್ಟರು.
ಗೇಟು ಬೀಳುತ್ತಿತ್ತು.
ಕೈ ಚಾಚು ಅಂದರು.
ಚಾಚಿದೆ.
ಲಾಭ.