ಪಿಳ್ಳಪ್ಪನ ಕಿರುಬೆರಳು

ಗೊರಗುಂಟೆಪಾಳ್ಯದ ಸರ್ವಿಸ್ ರಸ್ತೆ, ಬೆಳಗಿನ ಆರೂಕಾಲು.
ಹಾಲೋಬ್ಲಾಕ್ ತುಂಬಿದ ಹಳೇ ಲಾರಿ
ಮಟ್ಟಸ ಜಾಗದಲ್ಲಿ ನಿಂತುಬಿಟ್ಟಿದೆ.

‘ಇಂಜಿನ್ ಆಫ್ ಮಾಡು, ಪೇಪರ್ ತೆಗಿ ಅಂದ ಪೊಲೀಸಪ್ಪ.
ನಾನಾಗಿದ್ದರೆ ಇಲ್ಲಿ ನಿಲ್ಲಿಸ್ತಿದ್ನಾ ದಸ್ತಗೀರಣ್ಣ?’
ಅವನಿಗೆ ಬೆಂಗಳೂರೆಂದರೆ ಇಳಿಜಾರುಗಳ ಊರು.
ನಾಯಂಡಹಳ್ಳಿಯಲ್ಲಿ ಒಂದು, ಮೇಖ್ರಿಯ ಬಳಿ ಒಂದು,
ಸುಂಕದಕಟ್ಟೆಯಲ್ಲಿ ಚಕ್ರಕ್ಕೆ ಕಲ್ಲಿಡಲು ಮರೆಯಬಾರದಂಥದ್ದು ಒಂದು.
ಬ್ರೇಕು ಬಿಟ್ಟು, ಉರುಳಿಸಿ, ಎರಡನೇ ಗೇರಿಗೆ ಕ್ಲಚ್ಚು ಬಿಟ್ಟರೆ
ಯಾವ ಕೀಲಿಯ ಹಂಗೂ ಇಲ್ಲ.
ಟೀ ಎಷ್ಟೇ ಚೆನ್ನಾಗಿರಲಿ,
ರಸ್ತೆ ಮಟ್ಟಸವಿದ್ದರೆ ಅಲ್ಲಿ ಕುಡಿಯುವವನಲ್ಲ.

ಕೀ ತಿರುಗಿಸಿದ. ಡ್ಯಾಶಿನ ಕೆಂಪು ದೀಪ
ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು.
ಸೆಲ್ಫಿನಿಂದ ಟಿಕ್ ಅನ್ನುವಷ್ಟೂ ಸದ್ದಿಲ್ಲ.
ಬ್ಯಾಟರಿ, ಅಂದರು ಎಲ್ಲರೂ.
ಎಲ್ಲರೂ ಅಂದರೆ ಸೊಪ್ಪಿನ ಗಾಡಿಯವಳು, ಪೇಪರ್ ಹಾಕುವ ಹುಡುಗ,
ಮತ್ತೆ ಆ ಪೊಲೀಸಪ್ಪನೂ.
ಹೆಡ್‌ಲೈಟು ಹಾಕಿಸಿದೆ: ಎದುರಿನ ಶಟರು ಬೆಳ್ಳಗೆ ಬೆಳಗಿತು.
ಟರ್ಮಿನಲ್ಲಿನ ಬಿಳಿ ಪೊರೆಗೆ ಹೋಟೆಲಿನ ಬಿಸಿನೀರು ಸುರಿದೆ,
ಸೆಲ್ಫಿನ ಬೆನ್ನಿಗೆ ಸ್ಪ್ಯಾನರಿನಿಂದ ಎರಡು ಕೊಟ್ಟೆ.
ಇಲ್ಲ.

ಡ್ಯಾಶಿನ ಕೆಳಗೆ ಅಂಗಾತ ಮಲಗಿದೆ,
ಮುಖದ ಮೇಲೆ ಮೂವತ್ತು ವರ್ಷದ ಧೂಳು.
ಒಂದು ತಂತಿ ಕೆಂಪು, ಒಂದು ಕಪ್ಪು,
ಒಂದು ಯಾವತ್ತೋ ನೀಲಿಯಾಗಿದ್ದದ್ದು.
ಟೆಸ್ಟ್ ಲ್ಯಾಂಪಿನ ಕ್ಲಿಪ್ಪು ಬಾಡಿಗೆ, ಮೊನೆ ಕೆಂಪಿಗೆ:
ಉರಿಯಿತು. ಇಲ್ಲಿಯವರೆಗೆ ಕರೆಂಟು ಬಂದಿದೆ.
ಮೊನೆ ಸೆಲ್ಫಿನ ತಂತಿಗೆ. ‘ತಿರುಗಿಸು.’
ಕತ್ತಲು.
ಒಳಗೆ ಬಂದದ್ದು ಒಳಗೇ ಉಳಿದಿದೆ.

‘ತಡಿಯಣ್ಣ’ ಅಂದ ಪಿಳ್ಳಪ್ಪ.
ಎಡಗೈ ಕಿರುಬೆರಳಿಂದ ಗೊಂಚಲನ್ನು ಒಂಚೂರು ಎತ್ತಿ,
ಕೀಲಿಯನ್ನು ಕೂದಲೆಳೆ ಹಿಂದಕ್ಕೆಳೆದು, ಉಸಿರು ಹಿಡಿದು ತಿರುಗಿಸಿದ.
ನನ್ನ ಕೈಯ ಬಲ್ಬು ಮಿಣಮಿಣ ಅಂದು ಆರಿತು.

‘ಯಾವಾಗಿಂದ ಹೀಗೆ?’
‘ಮಗಳ ನಾಮಕರಣದಿಂದ.’
‘ಮಗಳು ಏನು ಓದ್ತಾಳೆ?’
‘ಬಿಎಂಟಿಸಿ ಕಂಡಕ್ಟರು.’

ಗೊಂಚಲು ಈಸಿಕೊಂಡೆ. ಕಾಲು ಕೇಜಿಗೆ ಮೋಸವಿಲ್ಲ.
ಡೀಸೆಲ್ ಟ್ಯಾಂಕಿನದು, ಟೂಲ್ ಬಾಕ್ಸಿನದು, ಕದ್ದುಹೋದ ಸೈಕಲ್ಲಿನದು,
ದಾಸರಹಳ್ಳಿಯಲ್ಲಿ ಹನ್ನೊಂದು ವರ್ಷದ ಹಿಂದೆ ಖಾಲಿ ಮಾಡಿದ ಮನೆಯದು,
ಒಂದು ಹಿತ್ತಾಳೆ ಗಂಟೆ, ಒಂದು ಉಗುರುಕಟ್ಟರು.
ದಾರಿಯುದ್ದಕ್ಕೂ ಹಳ್ಳ ಹಳ್ಳಕ್ಕೂ ಜೋತಾಡಿ
ಸ್ವಿಚ್ಚಿನ ಒಳಗನ್ನೆಲ್ಲ ಸವೆಸಿಬಿಟ್ಟಿವೆ.

ಬ್ಯಾಟರಿ ತಂತಿ ಬಿಚ್ಚಿ, ಹೊಸ ಸ್ವಿಚ್ಚು ಕೂರಿಸಿದೆ.
ಮಗು ತಿರುಗಿಸಿದರೂ ತಿರುಗುವಷ್ಟು ನಯ.
ಮೊದಲ ಸಲಕ್ಕೇ ಗುಡುಗಿತು ಗಾಡಿ,
ಹಿಂದಿನ ಡಾಲಾ ಕುಣಿಯಿತು.

ಪಿಳ್ಳಪ್ಪನ ಮುಖ ಮಾತ್ರ ಏಳಲಿಲ್ಲ.
ಸ್ಟಾಪ್ ನಾಬು ಎಳೆದ. ಸುಮ್ಮನೆ ಕೂತ.
‘ಇನ್ನು ಯಾರು ಬೇಕಾದ್ರೂ ಸ್ಟಾರ್ಟ್ ಮಾಡ್ತಾರಲ್ಲಣ್ಣ.’

ಆಮೇಲೆ ಹೇಳಿದ, ರಸ್ತೆ ನೋಡುತ್ತ:
ಓನರು ನಾಲ್ಕು ಸಲ ಬೇರೆ ಡ್ರೈವರು ಹಾಕಿದ್ದು,
ಚಿಕ್ಕವರು, ಕಡಿಮೆ ಸಂಬಳದವರು.
ನಾಲ್ಕು ಸಲವೂ ಎರಡನೇ ದಿನಕ್ಕೆ
ಯಾವುದೋ ಮಟ್ಟಸ ಜಾಗದಿಂದ ಫೋನು ಬಂದದ್ದು ಇವನಿಗೇ.

ಇಪ್ಪತ್ತೆರಡು ವರ್ಷ ಲೂಸಾದದ್ದನ್ನು ಬಿಗಿ ಮಾಡಿದವನು ನಾನು.
ಕೆಟ್ಟದ್ದನ್ನು ವಾಪಸು ಕೇಳಿದವರು ಯಾರೂ ಇಲ್ಲ.
ಬೀಡಿ ಮುಗಿಯುವವರೆಗೆ ಮಾತಿಲ್ಲ.
ತಲೆಯ ಮೇಲೆ ಫ್ಲೈಓವರಿನಲ್ಲಿ ತುಮಕೂರಿನ ಗಾಡಿಗಳು
ಕೀಲು ಕೀಲಿಗೂ ಧಡ್ ಧಡ್.

ಬ್ಯಾಟರಿ ತಂತಿ ಮತ್ತೆ ಬಿಚ್ಚಿದೆ.
ಡಬ್ಬಿಯಲ್ಲಿ ಗುಬ್ಬಿಯ ಕಣ್ಣಷ್ಟು ಸಣ್ಣ ಸ್ವಿಚ್ಚೊಂದಿತ್ತು.
ಸೆಲ್ಫಿನ ತಂತಿಯನ್ನು ನಡುವೆ ಕತ್ತರಿಸಿ
ಅದರೊಳಗಿಂದ ಹಾಯಿಸಿ, ಟೇಪು ಸುತ್ತಿ, ಮುಚ್ಚಿದೆ.
ಎಲ್ಲಿ ಅಂತ ಕೇಳಬೇಡಿ.
ಸೀಟಿನಲ್ಲಿ ಕೂತವನ ಎಡಗೈ
ಯಾವುದಕ್ಕೂ ಅಲ್ಲವೆಂಬಂತೆ ಚಾಚಿದರೆ ಸಿಗುವಲ್ಲಿ.

ಓನರಿಗೆ ಬಿಲ್ಲು ಬರೆದೆ:
ಇಗ್ನಿಷನ್ ಸ್ವಿಚ್ಚು ಒಂದು, ನಾನೂರೈವತ್ತು.
ಮಜೂರಿ ಇನ್ನೂರು.
ಟೇಪು, ಹತ್ತು.